ಟ್ರೇಲರ್‌ಗೆ ಎರಡನೇ ಏಸಿ: ತಂತಿ ತಡೆಯುತ್ತಾ?

ಅಮೆರಿಕದ ಅರಿಝೋನಾದಲ್ಲಿ ಬೇಸಿಗೆ ಅಂದರೆ 43 ಡಿಗ್ರಿ ದಾಟುವ ಬಿಸಿಲು. ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಮನೆ, ಅದರ ಗೋಡೆ ತೆಳು. ಒಂದು ಏಸಿ ಸಾಲಲ್ಲ. ಮಲಗುವ ಕೋಣೆಯ ಚಾವಣಿಯಲ್ಲಿ ಗಾಳಿಗೆಂದು 14 ಇಂಚು ಚೌಕದ ಕಿಂಡಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ಏಸಿಗೂ ಅದೇ ಅಳತೆ. ಚಾವಣಿ ಸುಮಾರು 40 ಕೆಜಿ ಹೊರುವಂತಿದ್ದರೆ ಕೂರಿಸೋದು ಸುಲಭ. ಕಷ್ಟ ಇರೋದು ಕರೆಂಟಿನಲ್ಲಿ.

ಲೆಕ್ಕ ನೋಡೋಣ. ಬಹಳಷ್ಟು ಟ್ರೇಲರ್‌ಗಳಿಗೆ 120 ವೋಲ್ಟ್, 30 ಆಂಪ್ ಸಂಪರ್ಕ. ಒಟ್ಟು 3,600 ವ್ಯಾಟ್. 13,500 ಬಿಟಿಯು ಏಸಿ ಓಡುವಾಗ ಸುಮಾರು 13 ಆಂಪ್ ಎಳೆಯುತ್ತೆ, ಎರಡಕ್ಕೆ 26. ಮೇಲೆ ಮೈಕ್ರೋವೇವ್ ಹಾಕಿದ್ರೆ ಬ್ರೇಕರ್ ಬಿತ್ತು! ಕಂಪ್ರೆಸರ್ ಶುರುವಾಗುವ ಕ್ಷಣಕ್ಕಂತೂ ಹಲವು ಪಟ್ಟು ಬೇಕು. ಸಾಫ್ಟ್ ಸ್ಟಾರ್ಟರ್ ಆ ಜಿಗಿತವನ್ನು ತಗ್ಗಿಸುತ್ತೆ; ಓಡುವಾಗಿನ 26 ಹಾಗೇ ಉಳಿಯುತ್ತೆ.

‘ದೊಡ್ಡ ಬ್ರೇಕರ್ ಹಾಕಿದ್ರಾಯ್ತಲ್ಲ?’ ಬೇಡವೇ ಬೇಡ. ಬ್ರೇಕರ್ ಕಾಯೋದು ತಂತಿಯನ್ನು. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಗೋಡೆಯೊಳಗೆ ಇರೋದು ಮರ, ಫೋಮ್. ಬೆಂಕಿಗೆ ಇನ್ನೇನು ಬೇಕು?

ಸರಿಯಾದ ದಾರಿ ಎರಡು. ಎರಡೂ ಏಸಿ ಸರದಿಯಂತೆ ಓಡುವ ಹಾಗೆ ನೋಡಿಕೊಳ್ಳುವ ಸಾಧನ ಹಾಕಿಸಿ. ಇಲ್ಲವೇ ಕೇಬಲ್, ಪ್ಯಾನೆಲ್ ಎಲ್ಲವನ್ನೂ 50 ಆಂಪ್‌ಗೆ ಬದಲಿಸಿ. ಅದರಲ್ಲಿ ಎರಡು ಲೈನ್, ಒಟ್ಟು 12,000 ವ್ಯಾಟ್. ಯಾವುದಾದರೂ ಸರಿ, ಹೊಸ ಏಸಿಗೆ ಅದರದೇ ತಂತಿ, ಅದರದೇ ಬ್ರೇಕರ್ ಇರಲಿ.