ಮಾವನ ಕಾರಿನ ಇಟಲಿ ಎಂಜಿನ್

ನನ್ನ ಮಾವ ಮಂಗಳೂರಿನಲ್ಲಿ ಬಾಡಿಗೆಗೆ ಓಡಿಸುವುದು 2013ರ ಡೀಸೆಲ್ ಡಿಜೈರ್. ಶಿರಾಡಿ ಘಾಟಿ ಎಷ್ಟು ಸಲ ಹತ್ತಿಳಿದಿದೆಯೋ ಲೆಕ್ಕವಿಲ್ಲ. ಮೀಟರ್ ಮೂರು ಲಕ್ಷ ಕಿ.ಮೀ. ದಾಟಿದೆ. "ಜಪಾನ್ ಎಂಜಿನ್ ಮಾರಾಯ, ಕೈ ಕೊಡುವುದಿಲ್ಲ" ಎಂಬುದು ಅವರ ಹೆಮ್ಮೆ.

"ಮಾವ, ಇದು ಜಪಾನಿನದ್ದಲ್ಲ, ಫಿಯೆಟ್‌ನದ್ದು" ಎಂದೆ.

"ಎಂತ, ಅಜ್ಜನ ಕಾಲದ ಫಿಯೆಟಾ?"

ಅದೇ! 1899ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಕಂಪನಿ. ಸಾಮಾನ್ಯರ ಕೈಗೆಟಕುವ ಪುಟ್ಟ ಕಾರುಗಳಿಂದಲೇ ಹೆಸರಾಯಿತು. ಅದರ 1100 ಮಾದರಿಯನ್ನು ಮುಂಬಯಿಯ ಪ್ರೀಮಿಯರ್ ಕಂಪನಿ ತಯಾರಿಸಿ, 1970ರ ದಶಕದಲ್ಲಿ 'ಪದ್ಮಿನಿ' ಎಂದು ಹೆಸರಿಟ್ಟಿತು. ಜನರ ಬಾಯಲ್ಲಿ ಮಾತ್ರ ಅದು ಫಿಯೆಟ್ಟೇ.

ಮಾವನ ಕಾರಿನಲ್ಲಿರುವುದು 1,248 ಸಿಸಿಯ ಮಲ್ಟಿಜೆಟ್. ಡೀಸೆಲನ್ನು ಒಮ್ಮೆಲೇ ಬಿಡದೆ, ಹಲವು ಸಣ್ಣ ಕಂತುಗಳಲ್ಲಿ ಸಿಂಪಡಿಸುತ್ತದೆ. ಹಾಗಾಗಿ ಸದ್ದು, ಹೊಗೆ ಕಡಿಮೆ. ಟೈಮಿಂಗ್‌ಗೆ ಬೆಲ್ಟ್ ಬದಲು ಚೈನ್ ಉಂಟು. ಮಾರುತಿ ಪರವಾನಗಿ ಪಡೆದು ಇಲ್ಲೇ ತಯಾರಿಸಿ, 2007ರಲ್ಲಿ ಸ್ವಿಫ್ಟ್‌ಗೆ ಹಾಕಿತು. ಟಾಟಾದ ಕೆಲವು ಕಾರುಗಳಿಗೂ ಇದೇ ಎಂಜಿನ್ ಬಂತು. ಗ್ಯಾರೇಜಿನವರ ಕೈ ಪಳಗಿತು, ಬಿಡಿಭಾಗ ಎಲ್ಲೆಡೆ ಸಿಕ್ಕಿತು. ಫಿಯೆಟ್ ಹೆಸರಿನ ಕಾರುಗಳು ಮಾತ್ರ ಇಲ್ಲಿನ ಶೋರೂಮ್‌ಗಳಿಂದ ಮರೆಯಾದವು. ಎಂಜಿನ್ ಅದೇ, ಹಣೆಬರಹ ಬೇರೆ! ನಂಬಿಕೆ ಕಾರಿನಲ್ಲಷ್ಟೇ ಅಲ್ಲ, ಅದನ್ನು ರಿಪೇರಿ ಮಾಡುವ ಕೈಯಲ್ಲೂ ಉಂಟೆಂದು ಬಿ.ಇ. ಪುಸ್ತಕದಲ್ಲಿ ನಾನು ಓದಿರಲಿಲ್ಲ.

2020ರಲ್ಲಿ ಮಾರುತಿ ಡೀಸೆಲ್ ಕಾರು ನಿಲ್ಲಿಸಿದಾಗಿನಿಂದ ಮಾವನಿಗೆ ಚಿಂತೆ: "ಇದನ್ನು ಮಾರುವುದಾ, ಇಟ್ಟುಕೊಳ್ಳುವುದಾ?" ಮನೆ ನಡೆಯುವುದೇ ಇದರಿಂದ.

"ಈ ಎಂಜಿನ್‌ನ ಕಾರುಗಳು ರಸ್ತೆಯಲ್ಲಿ ಇನ್ನೂ ಬೇಕಾದಷ್ಟಿವೆ. ಆಯಿಲ್ ಮಾತ್ರ ಸಮಯಕ್ಕೆ ಸರಿಯಾಗಿ ಬದಲಿಸಿ, ಚೈನ್ ಬಾಳುವುದು ಅದರಿಂದಲೇ" ಎಂದೆ.

ಮಾವ ಬೋನೆಟ್ ತಟ್ಟಿ ನಕ್ಕರು. ಮರುದಿನ ಬೆಳಗ್ಗೆ ಗ್ಯಾರೇಜಿಗೆ ಹೊರಟರು, ಮಾರಲು ಅಲ್ಲ, ಆಯಿಲ್ ಬದಲಿಸಲು.