ಮುಖಗಳಿಗೂ ಸರಾಸರಿ ಉಂಟೆ?

ಮೂವತ್ತು ವಿದ್ಯಾರ್ಥಿಗಳ ಎತ್ತರದ ಸರಾಸರಿ ಕಂಡುಹಿಡಿಯುವುದು ನಿಮಗೆ ಕಷ್ಟವಲ್ಲ. ಎಲ್ಲರ ಎತ್ತರವನ್ನು ಕೂಡಿಸಿ, ಮೂವತ್ತರಿಂದ ಭಾಗಿಸಿದರಾಯಿತು. ಅದೇ ಮೂವತ್ತು ಮುಖಗಳ ಸರಾಸರಿಯನ್ನು ತೆಗೆಯಬಹುದೆ? ಖಂಡಿತ ತೆಗೆಯಬಹುದು. ಹಾಗೆ ದೊರೆಯುವ ಚಿತ್ರವೇ ಸಂಯುಕ್ತ ಭಾವಚಿತ್ರ. ಅದರಲ್ಲಿ ಕಾಣುವ ವ್ಯಕ್ತಿ ಮಾತ್ರ ಎಲ್ಲಿ ಹುಡುಕಿದರೂ ಸಿಗುವುದಿಲ್ಲ!

ಈ ವಿಧಾನವನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ (1822–1911). ಅಪರಾಧಿಗಳ ಮುಖದಲ್ಲಿ ಅವರಿಗೇ ವಿಶಿಷ್ಟವಾದ ಲಕ್ಷಣ ಇದೆಯೆ ಎಂದು ತಿಳಿಯುವುದು ಅವನ ಉದ್ದೇಶವಾಗಿತ್ತು. ಸೆರೆಮನೆಯ ಕೈದಿಗಳ ಭಾವಚಿತ್ರಗಳನ್ನು ಒಂದರ ಮೇಲೊಂದು ಮೂಡಿಸಿ ನೋಡಿದ ಅವನು, 1878ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಕುರಿತು ಲೇಖನ ಪ್ರಕಟಿಸಿದ.

ವಿಧಾನ ಸರಳ. ಎಲ್ಲ ಚಿತ್ರಗಳಲ್ಲಿಯೂ ಕಣ್ಣುಗಳು ಒಂದೇ ಸ್ಥಾನಕ್ಕೆ ಬರುವಂತೆ ಹೊಂದಿಸಿ, ಒಂದೊಂದನ್ನೇ ಕ್ಯಾಮೆರಾದ ಮುಂದೆ ಇಡಬೇಕು. ಒಂದು ಚಿತ್ರದ ಪೂರ್ಣ ನಕಲಿಗೆ 80 ಸೆಕೆಂಡುಗಳ ಬೆಳಕು ಬೇಕೆಂದುಕೊಳ್ಳಿ. ಎಂಟು ಚಿತ್ರಗಳಿದ್ದರೆ ಪ್ರತಿಯೊಂದಕ್ಕೂ 10 ಸೆಕೆಂಡುಗಳಷ್ಟೇ ಅವಕಾಶ. ಛಾಯಾಫಲಕ ತಾನಾಗಿಯೇ ಎಂಟನ್ನೂ ಕೂಡಿಸಿಕೊಳ್ಳುತ್ತದೆ.

ಫಲಿತಾಂಶ ಗಾಲ್ಟನ್‌ನ ನಿರೀಕ್ಷೆಗೆ ವಿರುದ್ಧವಾಗಿತ್ತು. ಕ್ರೂರ ಮುಖವೊಂದು ಮೂಡುವ ಬದಲು, ಮೂಲ ಚಿತ್ರಗಳಿಗಿಂತ ಸೌಮ್ಯವಾದ, ನೋಡಲು ಹಿತವೆನಿಸುವ ಸಾಮಾನ್ಯ ಮನುಷ್ಯನ ಮುಖ ಮೂಡಿತು.

ಹೀಗೇಕೆ? ಕಣ್ಣು, ಮೂಗು, ಬಾಯಿ ಎಲ್ಲ ಮುಖಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿವೆ. ಆದ್ದರಿಂದ ಅವು ಗಾಢವಾಗಿ ಮೂಡುತ್ತವೆ. ಒಬ್ಬನ ಕೆನ್ನೆಯ ಮೇಲಿನ ಗಾಯದ ಗುರುತಿಗೆ ಸಿಗುವುದು ಎಂಟನೆಯ ಒಂದು ಭಾಗದ ಬೆಳಕು ಮಾತ್ರ, ಅದು ಮಾಸಿಹೋಗುತ್ತದೆ. ಒಬ್ಬನ ಮೂಗು ಎಡಕ್ಕೆ, ಇನ್ನೊಬ್ಬನದು ಬಲಕ್ಕೆ ವಾಲಿದ್ದರೆ ಎರಡೂ ಸೇರಿ ನೇರವಾಗುತ್ತವೆ. 1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲ್ಯಾಂಗ್ಲಾಯ್ಸ್ ಮತ್ತು ರಾಗ್‌ಮನ್ ಕಂಪ್ಯೂಟರಿನಲ್ಲಿ 16 ಮತ್ತು 32 ಮುಖಗಳನ್ನು ಬೆರೆಸಿದಾಗಲೂ, ಬಹುಪಾಲು ಬಿಡಿ ಮುಖಗಳಿಗಿಂತ ಬೆರಕೆ ಮುಖಗಳೇ ನೋಡುಗರಿಗೆ ಆಕರ್ಷಕವಾಗಿ ಕಂಡವು.

ಬೆರೆಸುವಾಗ ಎಲ್ಲರಿಗೂ ಸಮಪಾಲು ಕೊಡಬೇಕೆಂದೇನಿಲ್ಲ. ಅಮೆರಿಕದ ಕಲಾವಿದೆ ನ್ಯಾನ್ಸಿ ಬರ್ಸನ್ 1982ರಲ್ಲಿ ಅಣ್ವಸ್ತ್ರ ರಾಷ್ಟ್ರಗಳ ನಾಯಕರ ಮುಖಗಳನ್ನು ಆಯಾ ದೇಶದ ಸಿಡಿತಲೆಗಳ ಪ್ರಮಾಣದಲ್ಲಿ ಬೆರೆಸಿದರು. ರೇಗನ್ ಪಾಲು ಸುಮಾರು ಶೇ. 55, ಬ್ರೆಜ್ನೆವ್ ಪಾಲು ಶೇ. 45, ಥ್ಯಾಚರ್, ಮಿತ್ತರಾಂ ಮತ್ತು ಡೆಂಗ್ ತಲಾ ಶೇ. 1ಕ್ಕಿಂತ ಕಡಿಮೆ. ಗಣಿತದಲ್ಲಿ ನಾವು ತೂಕದ ಸರಾಸರಿ ಎನ್ನುವುದು ಇಲ್ಲಿ ಒಂದು ಮುಖವಾಗಿದೆ.

ನೀವೇ ಮಾಡಿ ನೋಡಿ

ಒಪ್ಪಿಗೆ ಪಡೆದು ನಾಲ್ವರು ಸ್ನೇಹಿತರ ಫೋಟೊ ತೆಗೆಯಿರಿ. ದೂರ (ಸುಮಾರು 2 ಮೀಟರ್), ಬೆಳಕು, ಕ್ಯಾಮೆರಾದ ಎತ್ತರ ಎಲ್ಲರಿಗೂ ಒಂದೇ ಇರಲಿ. ಉಚಿತವಾಗಿ ದೊರೆಯುವ 'ಗಿಂಪ್' ತಂತ್ರಾಂಶದಲ್ಲಿ ಒಂದೊಂದು ಚಿತ್ರವನ್ನೂ ಒಂದೊಂದು ಪದರವಾಗಿಸಿ, ಕಣ್ಣುಗಳನ್ನು ಹೊಂದಿಸಿ. ನಂತರ ಪದರಗಳ ಅಪಾರಕತೆಯನ್ನು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಶೇ. 100, 50, 33, 25 ಎಂದು ನಿಗದಿಪಡಿಸಿ.

ಮೇಲಿನ ಮೂರಕ್ಕೂ ಶೇ. 50 ಏಕಲ್ಲ? ಹಾಗೆ ಮಾಡಿದರೆ ಮೇಲಿನ ಮುಖಕ್ಕೆ 1/2, ಅದರ ಕೆಳಗಿನದಕ್ಕೆ 1/4, ಉಳಿದೆರಡಕ್ಕೆ ತಲಾ 1/8 ಪಾಲು ಬರುತ್ತದೆ. ಸಮಪಾಲು ಬೇಕಾದರೆ ನಾಲ್ಕನೆಯ ಪದರ 1/4 ಭಾಗ ಪಡೆದು, ಕೆಳಗಿನ ಮೂರಕ್ಕೆ 3/4 ಭಾಗ ಬಿಡಬೇಕು. ಉಳಿದ ಪದರಗಳಿಗೂ ಇದೇ ತರ್ಕ.

ಚಿತ್ರದಲ್ಲಿ ಕೂದಲು, ಕಿವಿ, ಕಾಲರು ಮಸುಕಾಗಿರುವುದನ್ನು ಗಮನಿಸಿ. ಎಲ್ಲಿ ಮುಖಗಳು ಒಂದನ್ನೊಂದು ಹೋಲುವುದಿಲ್ಲವೋ ಅಲ್ಲಿ ಮಸುಕು ಹೆಚ್ಚು. ಸ್ಪಷ್ಟ ಭಾಗ ಸರಾಸರಿಯನ್ನು ತೋರಿಸಿದರೆ, ಮಸುಕು ಭಾಗ ವ್ಯತ್ಯಾಸದ ಹರವನ್ನು ತೋರಿಸುತ್ತದೆ. ಸಂಖ್ಯಾಶಾಸ್ತ್ರದ ಪಾಠಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಒಂದು ಎಚ್ಚರಿಕೆ

1883ರಲ್ಲಿ 'ಯೂಜೆನಿಕ್ಸ್' ಎಂಬ ಪದವನ್ನು ಹುಟ್ಟುಹಾಕಿದವನೂ ಇದೇ ಗಾಲ್ಟನ್. ಮನುಷ್ಯರನ್ನು ಮೇಲು-ಕೀಳು ಎಂದು ವಿಂಗಡಿಸಿದ ಆ ವಿಚಾರಧಾರೆಯಿಂದ ಮುಂದೆ ಅಪಾರ ಹಾನಿಯಾಯಿತು. ಮುಖದಲ್ಲಿ ಅಪರಾಧವನ್ನು ಓದುವ ಆಸೆ ಈಗಲೂ ಸತ್ತಿಲ್ಲ. 2016ರಲ್ಲಿ ಚೀನಾದ ಇಬ್ಬರು ಸಂಶೋಧಕರು ಕಂಪ್ಯೂಟರ್ ಅದನ್ನು ಗುರುತಿಸಬಲ್ಲದು ಎಂದು ವಾದಿಸಿದರು. ಆದರೆ ಅಪರಾಧಿಗಳ ಚಿತ್ರಗಳೂ ಉಳಿದವರ ಚಿತ್ರಗಳೂ ಬಂದ ಮೂಲಗಳೇ ಬೇರೆ ಬೇರೆಯಾಗಿದ್ದವು. ಕಂಪ್ಯೂಟರ್ ಕಲಿತದ್ದು ಮುಗುಳ್ನಗೆಯಂತಹ ವ್ಯತ್ಯಾಸವನ್ನಿರಬಹುದು ಎಂದು ವಿಮರ್ಶಕರು ತೋರಿಸಿಕೊಟ್ಟರು.

1991ರಲ್ಲಿ ಟರ್ಕ್ ಮತ್ತು ಪೆಂಟ್ಲೆಂಡ್ ರೂಪಿಸಿದ ಮುಖ ಗುರುತಿಸುವ ವಿಧಾನದಲ್ಲಿ ಸರಾಸರಿ ಮುಖಕ್ಕೆ ಬೇರೆಯೇ ಕೆಲಸವಿದೆ. ಪ್ರತಿ ಮುಖದಿಂದಲೂ ಮೊದಲು ಅದನ್ನು ಕಳೆಯಲಾಗುತ್ತದೆ. ವ್ಯಕ್ತಿಯನ್ನು ಗುರುತಿಸುವುದು ಉಳಿದ ವ್ಯತ್ಯಾಸದಿಂದಲೇ. ಗಾಲ್ಟನ್‌ನ ಫಲಕದ ಮೇಲೆ ಮಾಸಿಹೋದದ್ದೂ ಅದೇ ಅಲ್ಲವೆ?