ಚೌಕಟ್ಟಿನ ಮೇಲೆ ಕುಂಬಾರ ಹುಳ

ಮಾಗಿ ಚಳಿಯಲ್ಲಿ ಮನೆಯೊಳಗೆ ಕಣಜ ಹಾರಾಡಿದರೆ ಯಾರಿಗಾದರೂ ಭಯವೇ. ಹೋದ ವರ್ಷ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ಬಾಗಿಲ ಚೌಕಟ್ಟಿನ ಮೇಲೆ ಕುಂಬಾರ ಹುಳ ಸಣ್ಣ ಅಡಿಕೆ ಗಾತ್ರದ 6 ಮಣ್ಣಿನ ಗಡಿಗೆ ಕಟ್ಟಿತ್ತು. ಮೊಮ್ಮಗನಿಗೆ ಕಚ್ಚೀತು ಅಂತ ಹೊಲಕ್ಕೆ ತಂದ ಔಷಧಿಯನ್ನೇ ಹೊಡೆಯಲು ಹೊರಟಿದ್ದೆ. ಮಕ್ಕಳು ಮಲಗುವ ಮನೆಗೆ ಹೊಲದ ವಿಷ! ಈಗ ನೆನೆದರೆ ನಾಚಿಕೆಯಾಗುತ್ತೆ.

ಮೊದಲು ಒಂದು ಗಡಿಗೆ ಒಡೆದು ನೋಡಿದೆ. ಒಳಗೆ 7 ಹಸಿರು ಹುಳ. ಸತ್ತಿಲ್ಲ, ಮಿಸುಕುವುದೂ ಇಲ್ಲ. ತಾಯಿ ಕಣಜ ಅವನ್ನು ಚುಚ್ಚಿ, ಜಡ ಮಾಡಿ, ಹುಟ್ಟುವ ಮರಿಗೆ ಬುತ್ತಿ ಕಟ್ಟಿಟ್ಟಿತ್ತು. ನಾವು ದುಡ್ಡು ಸುರಿದು ಔಷಧಿ ಹೊಡೆಯುವುದು ಇಂಥ ಹುಳಕ್ಕೇ ಅಲ್ಲವೆ? ಉಳಿದ 5 ಗಡಿಗೆ ಮುಟ್ಟಲಿಲ್ಲ.

ಕುಂಬಾರ ಹುಳ ಒಂಟಿ. ಹಿಡಿದರೆ, ಅದುಮಿದರೆ ಮಾತ್ರ ಚುಚ್ಚುತ್ತದೆ. ಕಾಗದದಂಥ ಗೂಡು ಕಟ್ಟುವ ಕಣಜ ಗುಂಪಿನದು, ಕೆಣಕಿದರೆ ಮೈಮೇಲೆ ಬೀಳುತ್ತದೆ. ಮಕ್ಕಳು ಓಡಾಡುವ ಕಡೆ ಅದಿದ್ದರೆ ಗೊತ್ತಿದ್ದವರಿಂದ ತೆಗೆಸಿ. ಕಚ್ಚಿಸಿಕೊಂಡವರಿಗೆ ಉಸಿರು ಕಟ್ಟಿದರೆ, ಮುಖ ಊದಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ.

ಇವುಗಳಿಂದಲೇ ಕಾಯಿಕೊರಕ ನಿಲ್ಲುತ್ತೆ ಅಂತ ನಾನು ಹೇಳಲಾರೆ. ಆದರೂ ಕೂಲಿ ಕೇಳದ ಆಳನ್ನು ಓಡಿಸುವುದು ಯಾಕೆ? ಬಾಯಿ ಮುಚ್ಚಿದ್ದ ಗಡಿಗೆಯಲ್ಲಿ ತೂತು ಬಿದ್ದರೆ ಮರಿ ಹಾರಿಹೋಯಿತು ಅಂತ ಲೆಕ್ಕ. ಆಗ ಕೆರೆದು ತೆಗೆಯಿರಿ, ಗೋಡೆಯೂ ಚೊಕ್ಕಟ.